ಕುಲಾವಿ ಕಟ್ಟಿದ ತೆನೆ

"ಬುದ್ಧಿ, ಗದ್ದುಗೆಗೆ ನಮ್ಮವರೇ ಇರುವಾಗ ಹೊರಗಿನವರನ್ನು ವಾದಕ್ಕೆ ಏಕೆ ಕರೆಯಬೇಕು?"

ಕೇಳಿದವನು ನಾಗಮಲ್ಲ, ಮಠದ ಹಿರಿಯ ಶಿಷ್ಯ. ಗುರುಗಳಾದ ಪುಟ್ಟವೀರಯ್ಯನವರಿಗೆ ವಯಸ್ಸಾಗಿತ್ತು. ತಮ್ಮ ನಂತರ ಮಠದಲ್ಲಿ ಪಾಠ ಹೇಳುವವನನ್ನು ಬಯಲು ವಾದದಲ್ಲಿ ಆರಿಸುವುದಾಗಿಯೂ, ಯಾವ ಮಠದ ಶಿಷ್ಯನಾದರೂ ಬಂದು ವಾದಿಸಬಹುದೆಂದೂ ಅವರು ಅಂದು ಬೆಳಗಿನ ಪೂಜೆ ಮುಗಿದ ಮೇಲೆ ಹೇಳಿದ್ದರು. ಆ ಜಾಗ ತನ್ನದೇ ಎಂದು ನಾಗಮಲ್ಲ ನಂಬಿದ್ದ. ಮಠದ ಉಳಿದವರೂ ಹಾಗೆಯೇ ನಂಬಿದ್ದರು. ಅಡುಗೆಯವನಂತೂ ಆಗಲೇ ಅವನಿಗೆ ಎರಡು ಸಲ ಬಡಿಸತೊಡಗಿದ್ದ.

ನಾಗಮಲ್ಲ ತನ್ನ ಕಾರಣಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟ. ಈ ಮಠದ ಪಾಠ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು, ಅದಕ್ಕೆ ಪರರ ಮಾತು ಸೇರಿಲ್ಲ ಎಂದ. ಇಲ್ಲಿ ಈವರೆಗೆ ತನ್ನ ಮಾತನ್ನು ಯಾರೂ ಮುರಿದಿಲ್ಲ ಎಂದ. ಎಲ್ಲಿಂದಲೋ ಬಂದ ವಾಚಾಳಿಯೊಬ್ಬ ನಾಲಿಗೆಯ ಚಳಕದಿಂದ ಗೆದ್ದುಬಿಟ್ಟರೆ ಮಠದ ಗತಿ ಏನು ಎಂದೂ ಕೇಳಿದ. ಎಲ್ಲವನ್ನೂ ವಿನಯದಿಂದಲೇ ಹೇಳಿದ. ಆದರೆ ಅವನಿಗೆ ನೋವಾಗಿತ್ತು, ಭಯವೂ ಆಗಿತ್ತು. ಗುರುಗಳಿಗೆ ಎರಡೂ ಕಂಡವು.

ಅವರು ನಕ್ಕು, ಇಷ್ಟೆಲ್ಲ ಹೇಳಿ ಸುಸ್ತಾಗಿದ್ದೀಯೆ, ಕುಳಿತುಕೋ ಎಂದರು. ಒಬ್ಬ ರೈತನ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ, ಹಾಕುತ್ತೀಯೆ ಎಂದು ನನಗೆ ಗೊತ್ತು ಎಂದರು. ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಆ ಊರಿನವರಿಗೆಲ್ಲ ಬಿಳಿ ಮುಸುಕಿನ ಜೋಳದ ಬೀಜ ಕೊಡುವುದು ಅವನ ಮನೆತನದ ಹಕ್ಕು. ಹೊಸ ಕಾಳು ಬಂದಾಗ ಊರದೇವರಿಗೆ ಎಡೆ ಇಡುವುದು ಬಿಳಿ ಕಾಳಿನದೇ. ಅದರಲ್ಲಿ ಒಂದು ಹಳದಿ ಕಾಳು ಕಂಡರೂ ಎಡೆ ನಿಲ್ಲುತ್ತಿತ್ತು. ಹಾಗಾಗಿ ಬಿತ್ತನೆಗೆ ಮುಂಚೆ ಊರೆಲ್ಲ ಅವನ ಬಾಗಿಲಿಗೆ ಬರುತ್ತಿತ್ತು. ಅವನು ಜಗುಲಿಯ ಮೇಲೆ ಕುಳಿತು ಮೊರದಲ್ಲಿ ಬೀಜ ಅಳೆದು ಕೊಡುತ್ತಿದ್ದ. ಅದಕ್ಕೆ ಅವನು ಏನೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಊರಿನವರು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಅದರಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು.

ಜೋಳದ ಗುಣ ನಿನಗೆ ಗೊತ್ತಿರಬೇಕು, ಇಲ್ಲದಿದ್ದರೆ ಕೇಳು. ಗಿಡದ ನೆತ್ತಿಯಲ್ಲಿ ಗಂಡು ಹೂವು. ಅದರಿಂದ ಹುಡಿ ಉದುರುತ್ತದೆ. ನಡುವಿನಲ್ಲಿ ತೆನೆ. ತೆನೆಯ ತುದಿಯಿಂದ ರೇಷ್ಮೆಯಂತಹ ಎಳೆಗಳು ಇಳಿಬಿದ್ದಿರುತ್ತವೆ. ಒಂದು ಎಳೆಗೆ ಒಂದೇ ಕಾಳು. ಎಳೆಯ ಮೇಲೆ ಬಿದ್ದ ಹುಡಿ ಎಳೆಯೊಳಗೇ ದಾರಿ ಮಾಡಿಕೊಂಡು ಹೋಗಿ ಬುಡದಲ್ಲಿರುವ ಕಾಳನ್ನು ಮುಟ್ಟಬೇಕು. ಮೊದಲು ಮುಟ್ಟಿದ್ದು ತಂದೆ. ಹಿಂದೆ ಉಳಿದದ್ದು ಬರೀ ಧೂಳು. ಇನ್ನೊಂದು ಮಾತು. ಬಿಳಿ ತೆನೆಗೆ ಹಳದಿ ಗಿಡದ ಹುಡಿ ಸೇರಿದರೆ ಆ ಕಾಳು ಆ ತೆನೆಯಲ್ಲೇ ಹಳದಿಯಾಗುತ್ತದೆ. ಮುಂದಿನ ಬೆಳೆಯವರೆಗೆ ಕಾಯುವುದು ಬೇಡ. ಜೋಳದ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ರೈತನ ತಾತ ಇದಕ್ಕೊಂದು ಉಪಾಯ ಹೂಡಿದ್ದ. ತೆನೆಯಲ್ಲಿ ಎಳೆ ಮೂಡುವ ಮೊದಲೇ ಅದಕ್ಕೆ ಬಟ್ಟೆಯ ಚೀಲ ಕಟ್ಟಿಬಿಡುವುದು. ಎಳೆ ಇಳಿದ ಮೇಲೆ ಆ ಗಿಡದ್ದೇ ಹೂವನ್ನು ಕೊಡವಿ, ಹುಡಿಯನ್ನು ಆ ಗಿಡದ್ದೇ ತೆನೆಗೆ ಹಾಕಿ, ಮತ್ತೆ ಚೀಲ ಬಿಗಿಯುವುದು. ಪಕ್ಕದ ಗಿಡದ ಹುಡಿಯೂ ಬೇಡ. ಚೀಲ ನೋಡಲು ಹಸುಗೂಸಿನ ತಲೆಗೆ ಕಟ್ಟುವ ಕುಲಾವಿಯಂತಿತ್ತು. ಮನೆಯವರು ಅದನ್ನು ಕುಲಾವಿ ಎಂದೇ ಕರೆದರು. ಕುಲಾವಿ ಕಟ್ಟುವ ದಿನ ಮನೆಯಲ್ಲಿ ಸಿಹಿ ಮಾಡುತ್ತಿದ್ದರು. ತಾತ ಕಟ್ಟಿದ, ಅಪ್ಪ ಕಟ್ಟಿದ, ಇವನೂ ಕಟ್ಟಿದ. ಕಾಳು ಹಾಲಿನಂತೆ ಬೆಳ್ಳಗಿತ್ತು, ಆ ವಿಷಯದಲ್ಲಿ ಎರಡು ಮಾತಿಲ್ಲ.

ಆದರೆ ತೆನೆ ವರ್ಷವರ್ಷಕ್ಕೂ ಸಣ್ಣದಾಗುತ್ತಾ ಬಂತು. ತಾತನ ಕಾಲದಲ್ಲಿ ಮೊಣಕೈಯುದ್ದ ಇದ್ದದ್ದು ಅಪ್ಪನ ಕಾಲಕ್ಕೆ ಗೇಣುದ್ದವಾಯಿತು. ಇವನ ಕಾಲದಲ್ಲಿ ಅದರಲ್ಲೂ ಹಲ್ಲುದುರಿದ ಬಾಯಿಯಂತೆ ನಡುನಡುವೆ ಖಾಲಿ. ಬಿತ್ತಿದ ಬೀಜದಲ್ಲಿ ಎಷ್ಟೋ ಮೊಳೆಯುತ್ತಲೇ ಇರಲಿಲ್ಲ. ಜನ ಎದುರಿಗೆ ಏನೂ ಅನ್ನಲಿಲ್ಲ. ಎಡೆಗೆ ಬೇಕಾದಷ್ಟು ಬೀಜ ಇವನಿಂದ ಒಯ್ದು, ಹೊಟ್ಟೆಗೆ ಬೇಕಾದದ್ದನ್ನು ಬೇರೆ ಕಡೆಯಿಂದ ತಂದು ಬಿತ್ತತೊಡಗಿದರು. ಕೊನೆಗೊಂದು ವರ್ಷ ಎಡೆಗೂ ಕಾಳು ಸಾಲದೆ ಬಂತು. ಊರಿನ ಹಿರಿಯರು ಅವನನ್ನು ಕರೆಸಿ, ಹೀಗೇ ಆದರೆ ಬೀಜದ ಹಕ್ಕನ್ನು ಬೇರೆ ಮನೆಗೆ ಕೊಡಬೇಕಾಗುತ್ತದೆ ಎಂದರು. ಆ ಹಕ್ಕು ಹೋದರೆ ತಾನು ಊರಿನಲ್ಲಿ ಯಾರು ಎಂದು ಅವನಿಗೇ ತಿಳಿಯದು.

"ಬೀಜ ಕೆಟ್ಟಿತ್ತು, ಅಷ್ಟೇ," ಎಂದ ನಾಗಮಲ್ಲ.

ಬಾಯಿ ಹಾಕಿದೆಯಲ್ಲ ಎಂದರು ಗುರುಗಳು. ಅವನು ನಿನ್ನಷ್ಟು ಬೇಗ ಒಪ್ಪಲಿಲ್ಲ, ಅದು ಅವನ ಮನೆಯ ಬೀಜ ನೋಡು ಎಂದು ಕತೆ ಮುಂದುವರಿಸಿದರು.

ತಪ್ಪು ತನ್ನ ಮನೆಯದಲ್ಲ ಎಂದಮೇಲೆ ಅದು ಬೇರೆಯವರದಾಗಲೇಬೇಕು. ಅವನ ಹೊಲದ ಪಕ್ಕದಲ್ಲಿ ಒಬ್ಬ ಹೆಂಗಸಿನ ಹೊಲವಿತ್ತು. ಅವಳು ಹಳದಿ ಜೋಳ ಬೆಳೆಯುತ್ತಿದ್ದಳು. ತವರಿನಿಂದ ತಂದದ್ದು, ಸಂತೆಯಲ್ಲಿ ಸಿಕ್ಕಿದ್ದು, ನೆಂಟರು ಕೊಟ್ಟದ್ದು, ಎಲ್ಲವನ್ನೂ ಬೆರೆಸಿ ಬಿತ್ತುತ್ತಿದ್ದಳು. ಕುಲಾವಿ ಇಲ್ಲ, ಸಿಹಿ ಇಲ್ಲ. ಅವಳ ತೆನೆಗಳು ತೊಡೆ ದಪ್ಪ ಎಂದು ಊರಿನವರು ಹೇಳುತ್ತಿದ್ದರು. ಉಪ್ಪುಕಾರ ಹಚ್ಚಿ ಹೇಳುತ್ತಿದ್ದರು ಎನ್ನು, ಆದರೂ ದಪ್ಪ ಇದ್ದವು. ಅದೂ ಅವನ ಹೊಟ್ಟೆ ಉರಿಸುತ್ತಿತ್ತು. ಅವಳ ಹೊಲದ ಹುಡಿ ಗಾಳಿಯಲ್ಲಿ ಬಂದು ತನ್ನ ಬೆಳೆಯ ಸತ್ವ ಕದಿಯುತ್ತಿದೆ, ಅವಳು ಜೋಳ ಬೆಳೆಯುವುದನ್ನೇ ಬಿಡಬೇಕು ಎಂದು ಅವನು ಹಿರಿಯರ ಮುಂದೆ ದೂರು ಕೊಟ್ಟ.

ಅವಳನ್ನು ಕರೆಸಿದರು. ಇವರ ತೆನೆಗಳೆಲ್ಲ ಕುಲಾವಿಯೊಳಗಿರುವಾಗ ನನ್ನ ಹೊಲದ ಹುಡಿ ಒಳಗೆ ಹೋಗುವುದು ಹೇಗೆ ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಹಿರಿಯರು ತಲೆದೂಗಿದರು. ರೈತನಿಗೆ ಅವಮಾನವಾಯಿತು. ಅವಮಾನವಾದವನು ಸುಮ್ಮನಿದ್ದರೆ ಅರ್ಧ ಬದುಕಿದಂತೆ, ಇವನು ಸುಮ್ಮನಿರಲಿಲ್ಲ. ಹರಿದ ಕುಲಾವಿಯೊಳಗೆ ನುಗ್ಗುತ್ತದೆ ಎಂದ. ನನ್ನ ಹುಡಿ ಇಲ್ಲದ ಕಡೆ ಕಳ್ಳನಂತೆ ಸೇರಿಕೊಳ್ಳುತ್ತದೆಯೇ ಹೊರತು ನನ್ನ ಹುಡಿಯ ಎದುರು ಅದು ನಿಲ್ಲಲಾರದು ಎಂದ. ಅಷ್ಟಕ್ಕೇ ಬಿಡದೆ, ಬೇಕಾದರೆ ಪರೀಕ್ಷೆ ಮಾಡೋಣ ಎಂದು ತಾನೇ ಬಾಯಿ ಬಿಟ್ಟು ಹೇಳಿದ.

ಪರೀಕ್ಷೆ ಏನೆಂದರೆ, ಅವನ ಹೊಲದ ಒಂದು ತೆನೆಗೆ ಎರಡೂ ಹುಡಿಯನ್ನು ಬೆರೆಸಿ ಹಾಕುವುದು. ತೆನೆಯಲ್ಲಿ ಬಿಳಿ ಕಾಳು ಹೆಚ್ಚಿದ್ದರೆ ಅವಳು ಇನ್ನು ಮುಂದೆ ಜೋಳ ಬಿತ್ತಬಾರದು. ಹಳದಿ ಹೆಚ್ಚಿದ್ದರೆ ಅವನು ದೂರು ಹಿಂತೆಗೆಯಬೇಕು, ಬೀಜದ ಹಕ್ಕನ್ನೂ ಹಿರಿಯರಿಗೆ ಒಪ್ಪಿಸಬೇಕು. ಕೊನೆಯದನ್ನು ಅವನೇ ಸೇರಿಸಿದ. ಯಾರೂ ಕೇಳಿರಲಿಲ್ಲ. ಅಷ್ಟು ನಂಬಿಕೆ ಅವನಿಗೆ.

ಹೂವಿನ ಕಾಲ ಬಂತು. ಹಿರಿಯರು ಹೊಲಕ್ಕೆ ಬಂದರು. ಸಮ ಪಾಲು ಬೆರೆಸೋಣವೇ ಎಂದು ಅವರು ಕೇಳಿದಾಗ ರೈತ ಒಪ್ಪಲಿಲ್ಲ. ಹೊಲ ನನ್ನದು, ತೆನೆ ನನ್ನದು, ನನ್ನದು ಒಂದು ಬೊಗಸೆ, ಅವಳದು ಒಂದು ಚಿಟಿಕೆ ಎಂದ. ಹಿರಿಯರು ಹೆಂಗಸಿನ ಮುಖ ನೋಡಿದರು. ಚಿಟಿಕೆಯೇ ಸಾಕು ಎಂದು ಅವಳು ಒಪ್ಪಿಕೊಂಡಳು. ಹುಡಿಯನ್ನು ಒಂದೇ ತಟ್ಟೆಯಲ್ಲಿ ಬೆರೆಸಿ ಎಳೆಗಳ ಮೇಲೆ ಉದುರಿಸಿದರು. ರೈತ ಕುಲಾವಿಯನ್ನು ತನ್ನ ಕೈಯಿಂದಲೇ ಬಿಗಿದ. ಗಂಟು ಹಾಕುವಾಗ ಅವನ ಮುಖದಲ್ಲಿ ಮದುವೆ ಮನೆಯ ಯಜಮಾನನ ಕಳೆ ಇತ್ತು.

ಅಂದಿನಿಂದ ಆ ಗಿಡಕ್ಕೆ ಅವನು ಬೇರೆಯವರನ್ನು ಹತ್ತಿರ ಬಿಡಲಿಲ್ಲ. ನೀರು ತಾನೇ ಹಾಕಿದ. ಹಕ್ಕಿ ತಾನೇ ಓಡಿಸಿದ. ಹೆಂಡತಿ ಊಟಕ್ಕೆ ಕರೆದರೆ ಗಿಡದ ಬಳಿಗೇ ತಂದುಕೊಡು ಎಂದ. ಅವನ ಹೆಂಡತಿ ಬುದ್ಧಿವಂತೆ, ತರಲಿಲ್ಲ.

ತೆನೆ ಬಲಿತ ಮೇಲೆ ಎಲ್ಲರೂ ಮತ್ತೆ ಸೇರಿದರು. ಗಂಟು ಬಿಗಿದಂತೆಯೇ ಇದೆ ಎಂದು ರೈತನೇ ಹೇಳಿ ಬಿಚ್ಚಿದ. ಸಿಪ್ಪೆ ಸುಲಿದ. ತೆನೆಯ ಬುಡದಿಂದ ಮೇಲಕ್ಕೆ ಹಳದಿ. ನಡುವಿನಲ್ಲೂ ಹಳದಿಯೇ, ಅಲ್ಲೊಂದು ಇಲ್ಲೊಂದು ಬಿಳಿ. ತುದಿಗೆ ಬಂದರೆ ಮಾತ್ರ ಒಂದು ಹಿಡಿ ಬಿಳಿ ಕಾಳು. ಬೊಗಸೆ ಸೋತಿತ್ತು, ಚಿಟಿಕೆ ಗೆದ್ದಿತ್ತು. ಮೋಸ ಎನ್ನಲು ಅವನ ಬಾಯಿ ತೆರೆಯಿತು. ಆದರೆ ಗಂಟು ಹಾಕಿದ ಕೈ, ಬಿಚ್ಚಿದ ಕೈ ಎರಡೂ ಅವನದೇ.

ಹಿರಿಯರು ಬೀಜದ ಹಕ್ಕನ್ನು ಯಾರಿಗೆ ಕೊಡುವುದೆಂದು ಆ ಹೆಂಗಸನ್ನೇ ಕೇಳಿದರು. ನನಗೆ ಬೇಡ, ಬಿಳಿ ಕಾಳು ಆರಿಸುತ್ತ ಕೂರುವ ತಾಳ್ಮೆ ನನಗಿಲ್ಲ ಎಂದು ಅವಳು ಮನೆಗೆ ಹೋದಳು. ಬೇರೆ ಯಾರೂ ಮುಂದೆ ಬರಲಿಲ್ಲ. ಹಕ್ಕು ಯಾರದೂ ಆಗದೆ ಉಳಿಯಿತು.

ಇಲ್ಲಿಗೆ ಮುಗಿಯಿತೇನು ಎಂದು ನಾಗಮಲ್ಲ ಕೇಳಿದ. ಅವನ ದನಿ ಒರಟಾಗಿತ್ತು. ರೈತ ಸೋತದ್ದು ಅವನಿಗೆ ಹಿಡಿಸಿರಲಿಲ್ಲ. ಸೋತ ಮೇಲೆಯೇ ಕತೆ ಶುರುವಾಗುವುದು, ಅವಸರಪಡಬೇಡ ಎಂದು ಗುರುಗಳು ಮತ್ತೆ ಹೇಳತೊಡಗಿದರು.

ರೈತ ಅಂದು ಉಣ್ಣಲಿಲ್ಲ. ಅವನಿಗೆ ದುಃಖವಾಗಿತ್ತು. ತಾತನ ಮುಖಕ್ಕೆ ಮಸಿ ಬಳಿದೆನಲ್ಲ ಎಂದು ಅತ್ತ. ಅತ್ತು ಮುಗಿದ ಮೇಲೆ ತೆನೆಯನ್ನು ಮುಂದಿಟ್ಟುಕೊಂಡು ಕುಳಿತ. ಹೆಡ್ಡನಾಗಿದ್ದರೆ ಅದನ್ನು ಒಲೆಗೆ ಎಸೆಯುತ್ತಿದ್ದ. ಹಟವಾದಿಯಾಗಿದ್ದನೇ ಹೊರತು ಅವನು ಹೆಡ್ಡನಲ್ಲ. ತುದಿಯಲ್ಲಿ ಮಾತ್ರ ನನ್ನ ಕಾಳು ಏಕೆ ಎಂದು ಯೋಚಿಸಿದ. ಹೊಲಕ್ಕೆ ಹೋಗಿ ತಡವಾಗಿ ಹೂ ಬಿಟ್ಟ ಗಿಡದ ಎಳಸು ತೆನೆಯೊಂದನ್ನು ಸುಲಿದು ನೋಡಿದ. ಬುಡದ ಕಾಳಿನ ಎಳೆ ತೆನೆಯುದ್ದಕ್ಕೂ ಹಾದು ಹೊರಗೆ ಬರುತ್ತದೆ, ಅದು ಉದ್ದ. ತುದಿಯ ಕಾಳಿನ ಎಳೆ ಮೋಟು. ಆಗ ಅವನಿಗೆ ತಿಳಿಯಿತು. ದಾರಿ ಹತ್ತಿರವಿದ್ದಲ್ಲಿ ತನ್ನ ಹುಡಿ ಹೇಗೋ ತಲುಪಿದೆ. ದಾರಿ ದೂರವಾದಲ್ಲೆಲ್ಲ ಅವಳದು ಮುಂದೆ ಹೋಗಿದೆ.

ಆದರೆ ತನ್ನದೇ ಏಕೆ ಹಿಂದುಳಿಯಬೇಕು? ಅದು ಅವನನ್ನು ಕೊರೆಯಿತು. ಮುಂದಿನ ಹೂವಿನ ಕಾಲದವರೆಗೂ ಕೊರೆಯಿತು. ಆಗ ಅವನು ಮಾನ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಆ ಹೆಂಗಸಿನ ಹೊಲದ ಬದುವಿಗೆ ಹೋಗಿ ನಿಂತ.

"ತಾಯಿ, ಅಂದು ನಾನು ಬೊಗಸೆ ಎಂದಾಗ ನೀನು ಚಿಟಿಕೆಗೆ ಒಪ್ಪಿದೆ. ಗೆಲ್ಲುತ್ತೇನೆ ಎಂದು ನಿನಗೆ ಹೇಗೆ ಗೊತ್ತಿತ್ತು?"

"ಗೊತ್ತಿರಲಿಲ್ಲ ಅಣ್ಣ. ನಮ್ಮ ಹೊಲದಲ್ಲಿ ಯಾವ ಹುಡಿಗೂ ಚಿಟಿಕೆಗಿಂತ ಹೆಚ್ಚು ಜಾಗ ಸಿಕ್ಕಿದ್ದೇ ಇಲ್ಲ, ಅದಕ್ಕೇ ಒಪ್ಪಿದೆ."

ಅಷ್ಟು ಹೇಳಿ ಅವಳು ಕಳೆ ಕೀಳಲು ಹೋದಳು. ರೈತ ಅಲ್ಲೇ ಕುಳಿತು ಅವಳ ಹೊಲವನ್ನು ನೋಡಿದ. ಗಾಳಿ ಬೀಸಿದಾಗೆಲ್ಲ ಹೊಲದ ಹುಡಿ ಎದ್ದು ಎಲ್ಲ ತೆನೆಗಳ ಮೇಲೂ ಇಳಿಯುತ್ತಿತ್ತು. ಒಂದೊಂದು ಎಳೆಯ ಮೇಲೂ ಎಷ್ಟೋ ಗಿಡಗಳ ಹುಡಿ. ಕಾಳು ಮಾತ್ರ ಒಂದು. ಬೇಗ ಹೋದದ್ದಕ್ಕೆ ಕಾಳು, ಉಳಿದದ್ದಕ್ಕೆ ಏನೂ ಇಲ್ಲ. ಬೇಗ ಹೋದದ್ದರ ಮಕ್ಕಳೇ ಮುಂದಿನ ವರ್ಷ ಹೊಲದಲ್ಲಿ ನಿಲ್ಲುತ್ತವೆ, ಅವೂ ಅಪ್ಪನಂತೆ ಬೇಗ ಹೋಗುತ್ತವೆ. ಅವಳ ಹೊಲದಲ್ಲಿ ಇದು ಪ್ರತಿ ಬೆಳೆಯಲ್ಲೂ ನಡೆದಿತ್ತು. ಅವನ ಹೊಲದಲ್ಲಿ ತಾತನ ಕಾಲದಲ್ಲೇ ನಿಂತುಹೋಗಿತ್ತು. ಕುಲಾವಿಯೊಳಗೆ ಇದ್ದದ್ದು ಒಂದೇ ಗಿಡದ ಹುಡಿ. ಅದು ಓಡಿದರೂ ಕಾಳು ಅದರದೇ, ತೆವಳಿದರೂ ಕಾಳು ಅದರದೇ. ತೆವಳಿದ್ದರ ಮಕ್ಕಳೂ ಬೀಜವಾದವು. ಅವನ್ನೇ ಅವನು ಜಗುಲಿಯ ಮೇಲೆ ಕುಳಿತು ಹೆಮ್ಮೆಯಿಂದ ಊರಿಗೆ ಹಂಚಿದ್ದ.

ಹಾಗಾದರೆ ಬಿಳಿ ಜೋಳ ಬಿಟ್ಟು ಹಳದಿ ಬಿತ್ತಿದನೇ ಎಂದು ಕೇಳಬೇಡ. ಬಿತ್ತಲಿಲ್ಲ. ಎಡೆಗೆ ಬಿಳಿ ಕಾಳೇ ಬೇಕು, ಅದು ಊರಿನ ನಡೆ, ಅದರಲ್ಲಿ ತಪ್ಪೇನಿಲ್ಲ. ಅವನ ಮನೆಯ ಹೆಣ್ಣುಮಕ್ಕಳನ್ನು ಹಿಂದೆ ಕೊಟ್ಟ ಊರುಗಳಿಗೆಲ್ಲ ಉಡಿಯಲ್ಲಿ ಬಿಳಿ ಬೀಜ ಹೋಗಿತ್ತು. ಅಲ್ಲಿ ಅದು ಕುಲಾವಿಯಿಲ್ಲದೆ, ಆ ಊರುಗಳ ಬಿಳಿ ಜೋಳದೊಂದಿಗೆ ಬೆರೆತು ಬೆಳೆದಿತ್ತು. ರೈತ ಊರೂರು ತಿರುಗಿದ. ಅತ್ತೆಯರ ಮನೆ, ಅಜ್ಜಿಯ ತಂಗಿಯ ಮನೆ, ಹೆಸರು ಮರೆತ ನೆಂಟರ ಮನೆ, ಎಲ್ಲ ಕಡೆಯೂ ಬಾಗಿಲಲ್ಲಿ ನಿಂತು ಒಂದು ಹಿಡಿ ಬೀಜ ಕೇಳಿದ. ಕೊಟ್ಟು ಅಭ್ಯಾಸವಿದ್ದ ಕೈ ಅದು. ಚಾಚಲು ಮೊದಲು ನಾಚಿತು, ಆಮೇಲೆ ರೂಢಿಯಾಯಿತು.

ತಂದ ಬೀಜವನ್ನು ತನ್ನ ಬೀಜದೊಂದಿಗೆ ಕಲಸಿದ. ಪಕ್ಕದ ಹೊಲದ ಹೂವಿಗೂ ತನ್ನದಕ್ಕೂ ಕಾಲ ತಪ್ಪುವಂತೆ ಮೊದಲೇ ಬಿತ್ತಿದ. ಕುಲಾವಿ ಕಟ್ಟುವ ದಿನ ಬಂದಾಗ ಹೆಂಡತಿ ಬಟ್ಟೆ ಚೀಲಗಳನ್ನು ಒಗೆದು ತಂದಿಟ್ಟಳು. ಅವನು ಅವನ್ನು ಮುಟ್ಟಲಿಲ್ಲ. ಹೊಲದಲ್ಲಿ ಬಿಳಿಯ ಮೇಲೆ ಬಿಳಿ ಹುಡಿ ಹಾರಿತು, ಬೀಳಬೇಕಾದದ್ದು ಬಿತ್ತು, ಹೋಗಬೇಕಾದದ್ದು ಹೋಯಿತು. ಅವನು ಕೈಕಟ್ಟಿ ಬದುವಿನ ಮೇಲೆ ಕುಳಿತ. ಕಟ್ಟುವ ಕೈಗೆ ಕಟ್ಟದೆ ಕೂರುವುದು ಸುಲಭವಲ್ಲ.

ಮೊದಲ ಬೆಳೆಯಲ್ಲೇ ತೆನೆ ತುಂಬಿ ಬಂತು. ಎರಡು ಮೂರು ಬೆಳೆಗಳಲ್ಲಿ ಊರಿನವರು ಮೊರ ಹಿಡಿದು ಮತ್ತೆ ಅವನ ಬಾಗಿಲಿಗೆ ಬಂದರು. ಹಕ್ಕನ್ನು ಹಿರಿಯರು ಹಿಂದಕ್ಕೆ ಕೊಟ್ಟರೋ ಅದು ತಾನಾಗಿ ಬಂತೋ ಯಾರೂ ಕೇಳಲಿಲ್ಲ. ಆ ಕಾಳಿನಲ್ಲಿ ಅವನ ತಾತನದು ಎಷ್ಟು, ಪರಊರಿನದು ಎಷ್ಟು ಎಂದೂ ಕೇಳಲಿಲ್ಲ. ಎಡೆ ಬೆಳ್ಳಗಿತ್ತು, ದೇವರು ಬೇಡ ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಇಲ್ಲಿ ತನ್ನ ಮಾತನ್ನು ಯಾರೂ ಮುರಿದಿಲ್ಲ ಎಂದು ನಾಗಮಲ್ಲ ಆಗ ಎಷ್ಟು ಹೆಮ್ಮೆಯಿಂದ ಹೇಳಿದ್ದ. ಈಗ ಯೋಚಿಸಿದರೆ ಮುರಿಯಲು ಬಂದವರೇ ಯಾರೂ ನೆನಪಾಗಲಿಲ್ಲ. ಕಿರಿಯ ಶಿಷ್ಯರು ಅವನು ಹೇಳಿದ್ದಕ್ಕೆಲ್ಲ ಹೌದು ಎನ್ನುತ್ತಿದ್ದರು. ತಾನು ಓಡುತ್ತಿದ್ದೆನೋ ತೆವಳುತ್ತಿದ್ದೆನೋ ಅವನಿಗೆ ಗೊತ್ತಿರಲಿಲ್ಲ. ಅದು ಗೊತ್ತಿಲ್ಲವೆಂಬುದೇ ಅವನನ್ನು ಹೆಚ್ಚು ಹೆದರಿಸಿತು. ಬಾಗಿಲು ತೆರೆಯುವುದು ಸರಿ ಎಂದು ಅವನಿಗೆ ಒಪ್ಪಿಗೆಯಾಗಿತ್ತು. ಆದರೆ ರೈತನ ತೆನೆಯಲ್ಲಿ ಹಿಂದುಳಿದ ಹುಡಿ ಏನಾಯಿತು ಎಂಬುದನ್ನೂ ಅವನು ಕೇಳಿಸಿಕೊಂಡಿದ್ದ. ಅದು ಬರೀ ಧೂಳಾಗಿತ್ತು.

"ಬುದ್ಧಿ," ಎಂದ ಕೊನೆಗೆ, "ಬಾಗಿಲು ತೆರೆಯಲಿ. ಆದರೆ ಹೊರಗಿನಿಂದ ಬಂದವನ ಎದುರು ನಾನು ಸೋತರೆ? ಸೋತವನಿಗೆ ಈ ಮಠದಲ್ಲಿ ಯಾವ ಜಾಗ?"

ಗುರುಗಳು ಕೋಲು ಊರಿಕೊಂಡು ಮೇಲೆದ್ದರು.

"ನಾನು ಈ ಮಠಕ್ಕೆ ಹೊರಗಿನಿಂದ ಬಂದದ್ದು ವಾದಕ್ಕೆ, ಮಗಾ, ಉಳಿದದ್ದು ಸೋತು."